ಹಳೇ ಕೋವಿ ನೋಡಲು ಹೋಗುವವರಿಗೆ

ಅಮೆರಿಕದಲ್ಲಿ ಇರುವ ಹಾಗೆ ಸಾಲು ಸಾಲು ಮೇಜು ಹಾಕಿ ಕೋವಿ ಮಾರುವ ಸಂತೆ ನಮ್ಮ ಬೆಂಗಳೂರಿನಲ್ಲಿ ಇಲ್ಲ. ಇಲ್ಲಿ ಸಿಗುವುದು ಬೇರೆ ಥರ. ಹಳೇ ನಾಣ್ಯ, ಅಂಚೆಚೀಟಿ, ಗಡಿಯಾರ ಇಡುವ ಪ್ರದರ್ಶನದಲ್ಲಿ ಒಂದೆರಡು ಮೇಜಿನ ಮೇಲೆ ಕೋವಿ, ಮದ್ದಿನ ಕೊಂಬು ಇಟ್ಟಿರುತ್ತಾರೆ. ಇಲ್ಲವೇ ಯಾರೋ ಸಂಗ್ರಹಕಾರರು ಎರಡು ದಿನದ ಮಟ್ಟಿಗೆ ತಮ್ಮ ಹತ್ತಿರ ಇರುವುದನ್ನು ತೋರಿಸುತ್ತಾರೆ. ಅಂಥದ್ದು ಸಿಕ್ಕರೆ ಬಿಡಬೇಡಿ. ಹೇಗೆ ನೋಡಬೇಕು ಅಂತ ನಾನು ಕಲಿತಷ್ಟನ್ನು ಬರೆಯುತ್ತಿದ್ದೇನೆ.

ನಾನು ಎಚ್‌ಎಂಟಿ ಟೂಲ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿದವನು. ಬೇಟೆ ಆಡಿದವನಲ್ಲ, ಒಂದು ಗುಂಡೂ ಹಾರಿಸಿಲ್ಲ. ನನಗೆ ಕೋವಿ ಅಂದರೆ ಕೈಕೆಲಸ. ಕರೆಂಟ್ ಇಲ್ಲದ ಕಾಲದಲ್ಲಿ ಅರ ಹಿಡಿದು ಉಜ್ಜಿ ಉಜ್ಜಿ ಕೂರಿಸಿದ ಲಾಕ್, ಅಂದರೆ ಮದ್ದಿಗೆ ಕಿಡಿ ಕೊಡುವ ಯಂತ್ರ, ಇನ್ನೂರು ವರ್ಷ ಆದ ಮೇಲೂ ಟಕ್ ಅಂತ ಕೂರುತ್ತದೆ ಅಂದರೆ, ಮಾಡಿದವನಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಹೋಗುವ ಮುಂಚೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಕೋಟೆಯ ದೆಹಲಿ ಬಾಗಿಲು ಪಕ್ಕದಲ್ಲೇ ಇದೆ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ನುಗ್ಗಿದ್ದು ಟಿಪ್ಪುವಿನ ಕೈಯಲ್ಲಿದ್ದ ಇದೇ ಕೋಟೆಗೆ. ಎರಡೂ ಕಡೆಯ ಸಿಪಾಯಿಗಳ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಚಕಮಕಿ ಕಲ್ಲಿನ ಕೋವಿ. ಆ ಗೋಡೆ ನೋಡಿಕೊಂಡು ಹೋದರೆ ಮೇಜಿನ ಮೇಲಿನ ಕೋವಿ ಯಾವ ಕೆಲಸಕ್ಕೆ ಬಂದದ್ದು ಅಂತ ಅಂದಾಜು ಸಿಗುತ್ತದೆ.

ಜೊತೆಗೆ ಒಯ್ಯಬೇಕಾದದ್ದು ಜಾಸ್ತಿ ಏನಿಲ್ಲ. ವಾಚ್ ರಿಪೇರಿಯವರು ಕಣ್ಣಿಗೆ ಹಾಕುವ ಭೂತಗನ್ನಡಿ, ಸಣ್ಣ ಟಾರ್ಚ್, ಒಂದು ನೋಟ್‌ಬುಕ್, ಆರಿಂಚಿನ ಸ್ಕೇಲ್. ಕೈಗೆ ತೆಳು ರಬ್ಬರ್ ಗ್ಲೌಸ್. ಹತ್ತಿಯ ಗ್ಲೌಸ್ ಬೇಡ, ಅದು ಜಾರುತ್ತದೆ, ಹಳೇ ಮರದ ಸಿಬರಿಗೆ ಸಿಕ್ಕಿಕೊಳ್ಳುತ್ತದೆ. ಗ್ಲೌಸ್ ಯಾಕೆ ಅಂದರೆ, ಟೂಲ್ ರೂಮಿನಲ್ಲಿ ನಮ್ಮ ಜೊತೆ ಒಬ್ಬರಿದ್ದರು. ಅವರು ಮುಟ್ಟಿದ ಸ್ಲಿಪ್ ಗೇಜಿನ, ಅಂದರೆ ಅಳತೆಗೆ ಬಳಸುವ ನುಣುಪಾದ ಉಕ್ಕಿನ ತುಂಡಿನ ಮೇಲೆ ಮಾರನೇ ದಿನ ಬೆರಳ ಗುರುತು ತುಕ್ಕಾಗಿ ಎದ್ದಿರುತ್ತಿತ್ತು. ಕೆಲವರ ಬೆವರು ಹಾಗೆ. ಇನ್ನೂರು ವರ್ಷ ಉಳಿದ ಉಕ್ಕಿನ ಮೇಲೆ ನಮ್ಮ ಬೆರಳಚ್ಚು ಬಿಟ್ಟು ಬರುವುದು ಬೇಡ, ಅಲ್ವಾ?

ಇನ್ನು ಮುಟ್ಟುವ ವಿಷಯ. ಕೇಳದೆ ಮುಟ್ಟಬೇಡಿ. "ಸಾರ್, ಕೈಗೆ ತಗೊಂಡು ನೋಡಬಹುದಾ?" ಅಂತ ಒಂದು ಮಾತು ಸಾಕು. ಕೊಟ್ಟರೆ ಎರಡೂ ಕೈಯಲ್ಲಿ ಹಿಡಿಯಿರಿ, ಕೋವಿಯ ಬಾಯಿ ಯಾರ ಕಡೆಗೂ ತಿರುಗದಿರಲಿ. ಟ್ರಿಗರ್ ಎಳೆಯಲೇಬೇಡಿ. ಖಾಲಿ ಕೋವಿಯ ಕುದುರೆಯನ್ನು, ಅಂದರೆ ಮೇಲಿಂದ ಹೊಡೆಯುವ ಸುತ್ತಿಗೆಯನ್ನು ಬೀಳಿಸಿದರೆ ಕೇಪು, ಅಂದರೆ ಹೊಡೆದರೆ ಕಿಡಿ ಹಾರುವ ಪುಟ್ಟ ಟೋಪಿ, ಕೂರುವ ಮೊಳೆ ಹಾಳಾಗುತ್ತದೆ. ಹಳೇ ಸ್ಪ್ರಿಂಗ್ ತುಂಡಾದರೂ ಆಗಬಹುದು. ಅದನ್ನು ಮತ್ತೆ ಮಾಡಿಕೊಡುವ ಕೈ ಈಗ ಸಿಗುವುದು ಕಷ್ಟ.

ಇಲ್ಲೊಂದು ಮುಖ್ಯ ವಿಷಯ ಇದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗಳಲ್ಲಿ ಕೆಲವು ಇವತ್ತಿಗೂ ತುಂಬಿದ ಹಾಗೇ ಇರುತ್ತವೆ. ಅಜ್ಜನೋ ಮುತ್ತಜ್ಜನೋ ಹಂದಿ ಹೊಡೆಯಲು ಮದ್ದು ಜಡಿದು ಗೋಡೆಗೆ ತೂಗುಹಾಕಿದ್ದು, ಹಾರಿಸಲೇ ಇಲ್ಲ. ಒಣಗಿದ್ದರೆ ಕರಿಮದ್ದು ನೂರು ವರ್ಷ ಆದರೂ ಸಾಯುವುದಿಲ್ಲ. ಇದನ್ನು ಪತ್ತೆ ಮಾಡುವ ಕ್ರಮ ಸುಲಭ. ಮರದ ಕೋಲೊಂದನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಬಿಟ್ಟು, ಬಾಯಿಯ ಹತ್ತಿರ ಪೆನ್ಸಿಲ್ ಗುರುತು ಹಾಕುತ್ತಾರೆ. ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಇಟ್ಟು ಅಳೆಯುತ್ತಾರೆ. ಕೋಲಿನ ತುದಿ ಕಿವಿಯ ತೂತಿನವರೆಗೆ, ಅಂದರೆ ನಳಿಗೆಯ ಬುಡದಲ್ಲಿ ಬೆಂಕಿ ಒಳಗೆ ಹೋಗುವ ಸಣ್ಣ ತೂತಿನವರೆಗೆ ಬಂದರೆ ಖಾಲಿ. ಎರಡು ಮೂರು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಇದನ್ನು ನೀವು ಮಾಡಬೇಡಿ, ಇಟ್ಟವರಿಗೆ ಮಾಡಿ ತೋರಿಸಿ ಅಂತ ಕೇಳಿ. ಒಳ್ಳೆಯ ಸಂಗ್ರಹಕಾರರು ಖುಷಿಯಿಂದ ತೋರಿಸುತ್ತಾರೆ. "ಅಯ್ಯೋ, ಹಳೇದು ಬಿಡಿ, ಏನೂ ಆಗಲ್ಲ" ಅನ್ನುವವರ ಮೇಜಿನಿಂದ ನಾನು ದೂರ ಸರಿಯುತ್ತೇನೆ.

ಈಗ ನೋಡುವ ಕ್ರಮಕ್ಕೆ ಬರೋಣ. ಎಲ್ಲರ ಕಣ್ಣೂ ಮೊದಲು ಬೆಳ್ಳಿ ಕೆಲಸದ ಮೇಲೆ, ಹುಲಿ ಮುಖದ ಮೇಲೆ ಹೋಗುತ್ತದೆ. ನೀವು ಸ್ಕ್ರೂ ನೋಡಿ. ಕೈಯಲ್ಲಿ ಮಾಡಿದ ಹಳೇ ಸ್ಕ್ರೂ ತಲೆಯ ಸೀಳು ತೆಳ್ಳಗೆ ಇರುತ್ತದೆ, ಎಷ್ಟೋ ಸಲ ಸರಿಯಾಗಿ ನಡುವೆ ಇರುವುದಿಲ್ಲ. ಈಗಿನ ಸ್ಕ್ರೂ ಆದರೆ ಸೀಳು ಅಗಲ, ಅಂಚು ನೀಟು. ಸೀಳು ಚಿಪ್ಪು ಎದ್ದಿದ್ದರೆ ಯಾರೋ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದ್ದಾರೆ ಅಂತ. ಸ್ಕ್ರೂ ಒಂದೇ ನೋಡಿದರೂ ಆ ಕೋವಿಯ ಅರ್ಧ ಕಥೆ ಗೊತ್ತಾಗುತ್ತದೆ.

ಆಮೇಲೆ ಲಾಕಿನ ತಗಡು. 1830ರ ಆಸುಪಾಸಿನಿಂದ ಎಷ್ಟೋ ಚಕಮಕಿ ಕೋವಿಗಳನ್ನು ಕೇಪಿನ ಕೋವಿಯಾಗಿ ಬದಲಾಯಿಸಿದರು. ಕಲ್ಲು ಕಚ್ಚುವ ಕುದುರೆ ತೆಗೆದು ಸುತ್ತಿಗೆ ಹಾಕಿದರು, ಮದ್ದಿನ ಬಟ್ಟಲು ಕತ್ತರಿಸಿದರು. ಆದರೆ ಹಳೇ ಸ್ಕ್ರೂ ತೂತುಗಳು ಎಲ್ಲಿಗೆ ಹೋಗುತ್ತವೆ? ಅವುಗಳಿಗೆ ಕಬ್ಬಿಣ ತುಂಬಿ ಉಜ್ಜಿರುತ್ತಾರೆ. ಟಾರ್ಚನ್ನು ಅಡ್ಡ ಹಿಡಿದು ನೋಡಿದರೆ ಸಣ್ಣ ಸಣ್ಣ ದುಂಡು ನೆರಳು ಕಾಣುತ್ತದೆ. ಮೊದಲ ಸಲ ಅದು ಕಣ್ಣಿಗೆ ಬಿದ್ದಾಗ ನಾನು ಹತ್ತು ನಿಮಿಷ ಅಲ್ಲೇ ನಿಂತಿದ್ದೆ.

ಗುರುತುಗಳನ್ನು ಓದಲು ಕಲಿಯಿರಿ. ಈಸ್ಟ್ ಇಂಡಿಯಾ ಕಂಪನಿಯ ಕೋವಿಯಾದರೆ ಹೃದಯದ ಆಕಾರದ ಮುದ್ರೆ, ಅದರ ತಲೆಮೇಲೆ 4 ಅಂಕಿಯಂಥ ಗೆರೆ. 1808ರ ಸುಮಾರಿಗೆ ಅದು ಹೋಗಿ ನಿಂತ ಸಿಂಹ ಬಂತು. ನಳಿಗೆಯ ಬುಡದಲ್ಲಿ, ಹಾರಿಸಿದರೆ ಸಿಡಿಯುವುದಿಲ್ಲ ಅಂತ ನೋಡಿ ಹಾಕಿದ ಪರೀಕ್ಷೆಯ ಮುದ್ರೆ ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಶುರುವಾದದ್ದು 1813ರಲ್ಲಿ. ಮೊಟ್ಟೆಯಾಕಾರದೊಳಗೆ ಇಎಲ್‌ಜಿ ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಅದು ಬೆಲ್ಜಿಯಂನ ಲಿಯೆಜ್ ಊರಿನದು. ಜೋಡು ನಳಿಗೆಯ ಮೇಲೆ ಇಂಗ್ಲಿಷ್ ಕಂಪನಿಯಂಥ ಹೆಸರು, ಕೆಳಗೆ ನೋಡಿದರೆ ಲಿಯೆಜ್ ಮುದ್ರೆ, ಇಂಥವು ಎಷ್ಟೋ ಇವೆ. ವಿಆರ್ ಅಂದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡದ್ದು 1901ರಲ್ಲಿ. ವಿಆರ್ ಅಂತ ಕೊರೆದು ಕೆಳಗೆ 1908 ಅಂತ ಇಸವಿ ಹಾಕಿದ್ದರೆ ಅದು ನಕಲಿ. ಈಗ ಪಾಕಿಸ್ತಾನದಲ್ಲಿರುವ ದರ್ರಾ ಅನ್ನುವ ಊರಿನ ಕಮ್ಮಾರರು ಬ್ರಿಟಿಷ್ ಬಂದೂಕು ನೋಡಿ ನಕಲು ಮಾಡುವಾಗ ಅಕ್ಷರಗಳನ್ನು ಚಿತ್ರದ ಹಾಗೆ ಕೊರೆದರು, ಅದಕ್ಕೇ ಕೆಲವು ಉಲ್ಟಾ ಕೂಡ ಇರುತ್ತವೆ. ನಕಲಿಯಾದರೂ ಅದೂ ಕೈಕೆಲಸವೇ. ಅದನ್ನೂ ಗಮನ ಕೊಟ್ಟು ನೋಡಿ.

ಟಿಪ್ಪು ಕಾಲದ್ದು ಅಂತ ಹೇಳಿದರೆ ನಿಧಾನಿಸಿ. ಆ ಹೆಸರಿಗೆ ಬೆಲೆ ಜಾಸ್ತಿ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರಿನಲ್ಲಿ ಆತನ ಬೆಳ್ಳಿ ಕಟ್ಟಿನ ಕೋವಿಯೊಂದು 60,000 ಪೌಂಡಿಗೆ ಹರಾಜಾಯಿತು. ಹಾಗಾಗಿ ಹುಲಿ ಪಟ್ಟೆ ಹಾಕಿ ಮೋಸ ಮಾಡುವವರು ಇದ್ದೇ ಇರುತ್ತಾರೆ. ಅಸಲಿಯ ಮೇಲೆ ಇಸವಿ ಸಾಮಾನ್ಯವಾಗಿ ಮೌಲೂದಿ ಲೆಕ್ಕದಲ್ಲಿ, ಅಂದರೆ ಟಿಪ್ಪು ತಾನೇ ಜಾರಿಗೆ ತಂದ ವರ್ಷದ ಲೆಕ್ಕದಲ್ಲಿರುತ್ತದೆ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಮೊದಲ ಎರಡು ಅಂಕಿ 1, 2 ಅಂತ ಬರುತ್ತವೆ. ಇದು ಗೊತ್ತಿಲ್ಲದ ನಕಲಿಯವನು ಎಡದಿಂದಲೇ ಕೊರೆದಿರುತ್ತಾನೆ.

ಕೊಳ್ಳುವ ಮಾತು ಬಂದರೆ ಎಚ್ಚರ. "ಆಂಟಿಕ್ ಸಾರ್, ಲೈಸೆನ್ಸ್ ಬೇಡ" ಅನ್ನುವ ಮಾತನ್ನು ಬಾಯಿ ಮಾತಿಗೆ ನಂಬಬೇಡಿ. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರದಂಥ ಹಳೇ ಆಯುಧಕ್ಕೆ. ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವುದು ಪೊಲೀಸ್ ಕಮಿಷನರ್ ಕಚೇರಿ. ದುಡ್ಡು ಕೊಡುವ ಮುಂಚೆ ಅಲ್ಲಿ ಕೇಳಿ. ಕೊಡವರಿಗೆ 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನು ಕೇಳಿ ನಮಗೂ ನಡೆಯುತ್ತದೆ ಅಂದುಕೊಳ್ಳಬೇಡಿ. ನೂರು ವರ್ಷ ದಾಟಿದ ವಸ್ತುವನ್ನು ಮಗಳಿಗೋ ಅಳಿಯನಿಗೋ ವಿದೇಶಕ್ಕೆ ಕಳಿಸುವ ಹಾಗೂ ಇಲ್ಲ, 1972ರ ಪುರಾತನ ವಸ್ತು ಕಾಯ್ದೆ ಬಿಡುವುದಿಲ್ಲ. ಮನೆಯಲ್ಲಿ ಅಜ್ಜನ ಕೋವಿ ಇದ್ದರೆ ತೋರಿಸಲು ಅಂತ ಬಸ್ಸಿನಲ್ಲಿ ಹೊತ್ತು ತರಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ತನ್ನಿ. ಕೊಪ್ಪದಲ್ಲಿರುವ ನಮ್ಮ ಭಾವ ಹಾಗೇ ಮಾಡಿದರು. ಫೋಟೋ ನೋಡಿಯೇ ಅದು ಬದಲಾಯಿಸಿದ ಕೇಪಿನ ಕೋವಿ ಅಂತ ಒಬ್ಬರು ಹೇಳಿಬಿಟ್ಟರು.

ಕೊಳ್ಳಲೇಬೇಕು ಅನಿಸಿದರೆ ಮದ್ದಿನ ಡಬ್ಬಿಯಿಂದ ಶುರು ಮಾಡಿ. ಶೆಫೀಲ್ಡಿನ ಜೇಮ್ಸ್ ಡಿಕ್ಸನ್ ಕಂಪನಿಯ ಹಿತ್ತಾಳೆ ಡಬ್ಬಿಗಳು ಚೆಂದ. ನಾನು ಅದರಲ್ಲೇ ಒಮ್ಮೆ ಮೋಸ ಹೋದೆ. ಅಂಗಡಿಯೊಂದರಲ್ಲಿ ಜಿಂಕೆ, ನಾಯಿ ಉಬ್ಬಿಸಿದ ಡಬ್ಬಿ ನೋಡಿ 2,400 ರೂಪಾಯಿ ಕೊಟ್ಟೆ. ಮನೆಗೆ ಬಂದು ಕೈಯಲ್ಲಿ ತೂಗಿ ನೋಡಿದಾಗ ತುಂಬಾ ಭಾರ ಅನಿಸಿತು. ಅಸಲಿಯನ್ನು ತೆಳು ತಗಡನ್ನು ಡೈನಲ್ಲಿ ಒತ್ತಿ, ಎರಡು ಭಾಗ ಮಾಡಿ ಬೆಸುಗೆ ಹಾಕಿ ಮಾಡುತ್ತಿದ್ದರು. ನನ್ನದು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು. ಒಳಗೆ ಬೆರಳು ಹಾಕಿದರೆ ತರಿತರಿ. ಡೈ ಕೆಲಸವೇ ಮಾಡಿಕೊಂಡು ಬಂದವನು ನಾನು. ಅಂಗಡಿಯಲ್ಲೇ ಕೈಗೆ ತಗೊಂಡು ತೂಗಬೇಕಿತ್ತು. ನೀವು ತೂಗಿ, ಒಳಗೆ ಬೆರಳು ಹಾಕಿ, ಬಾಯಿಯ ಸ್ಪ್ರಿಂಗ್ ಒತ್ತಿ ನೋಡಿ. ಆಮೇಲೆ ಬೆಲೆ ಕೇಳಿ.

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹನ್ನೊಂದೂವರೆ ಆದ ಮೇಲೆ ಸೆಲ್ಫಿ ತೆಗೆಯುವವರು ತುಂಬುತ್ತಾರೆ, ಆಗ ಯಾರೂ ನಿಮಗೆ ಲಾಕ್ ಬಿಚ್ಚಿ ತೋರಿಸುವುದಿಲ್ಲ. ಬೆಳಿಗ್ಗೆ ಜನ ಕಮ್ಮಿ ಇದ್ದಾಗ, ನಾಲ್ಕು ಒಳ್ಳೆಯ ಪ್ರಶ್ನೆ ಕೇಳಿದ ಮೇಲೆ, ಮೆಲ್ಲಗೆ ಕೇಳಿ. ಹೋದ ವರ್ಷ ಒಬ್ಬ ಹಿರಿಯರು ನನಗೆ ಬಿಚ್ಚಿ ತೋರಿಸಿದರು. ಹೊರಗೆ ಕನ್ನಡಿಯ ಹಾಗೆ ಪಾಲಿಶ್. ಒಳಬದಿಯಲ್ಲಿ, ಯಾರೂ ನೋಡದ ಕಡೆ, ಅರದ ಗೆರೆಗಳು ಹಾಗೇ ಇದ್ದವು. ಗೆರೆಗಳೆಲ್ಲ ಬಲಕ್ಕೆ ಇಳಿಜಾರು. ಒಂದು ಮೂಲೆಯಲ್ಲಿ ಮಾತ್ರ ಎಡಕ್ಕೆ. ಅಲ್ಲಿ ಅರ ಹೋಗದೆ ತಗಡನ್ನು ವೈಸಿನಲ್ಲಿ ತಿರುಗಿಸಿ ಹಿಡಿದಿದ್ದಾನೆ. ನಾನೂ ಹಾಗೇ ಮಾಡುತ್ತಿದ್ದೆ. ಆ ಮೂಲೆಯ ಚಿತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಜಾಲಹಳ್ಳಿಗೆ ಮೆಟ್ರೋ ಹತ್ತಿದೆ.