ಅಮೆರಿಕದ ಪಿಕ್ಸೆಲ್‌ನಲ್ಲಿ ಬಿಎಸ್‌ಎನ್‌ಎಲ್ ವೋಲ್ಟಿ: ತೋಟದ ತಗ್ಗಿನಿಂದ ನನ್ನ ಅನುಭವ

ಶಿರಸಿ ಪೇಟೆಯ ಮೂರು ಅಂಗಡಿಗಳಲ್ಲಿ ಕೇಳಿದ್ದು ಒಂದೇ ಮಾತು: "ಹೊರಗಿನ ಸೆಟ್ಟಿಗೆ ಬಿಎಸ್‌ಎನ್‌ಎಲ್ ವೋಲ್ಟಿ ಬರೂದೇ ಇಲ್ಲ ಮಾರಾಯ್ರೆ, ಕೊಟ್ಟು ಬೇರೆ ತಗಳಿ." ವೋಲ್ಟಿ ಎಂದರೆ 4ಜಿ ಮೇಲೆಯೇ ಕರೆ ಹೋಗಿ ಬರುವುದು. ಈಗ ಐದು ತಿಂಗಳಾಯಿತು, ನನ್ನ ಹೊರಗಿನ ಸೆಟ್ಟಿನಲ್ಲಿ ಬರುತ್ತಿದೆ. ಹುಲೇಕಲ್ ದಾರಿಯಿಂದ ಒಳಗೆ ಇಳಿದ ತೋಟದ ತಗ್ಗು, ಸುತ್ತ ಬೆಟ್ಟ, ಚಿರೆಕಲ್ಲಿನ ಗೋಡೆ. ಒಳಕೋಣೆಯಲ್ಲಿ ಕೂತು ಡಯಲ್ ಮಾಡಿದರೆ ಎರಡು ಸೆಕೆಂಡಿನೊಳಗೆ ರಿಂಗ್ ಆಗುತ್ತದೆ. ಇದೇ ದಾರಿ ಹಿಡಿದವರು ನಮ್ಮ ಕಡೆ ಇನ್ನೂ ಕೆಲವರಿದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಐಎಂಎಸ್ ಎಂದರೆ 4ಜಿ ಮೇಲೆ ಕರೆ ನಡೆಸುವ ನೆಟ್‌ವರ್ಕಿನ ವ್ಯವಸ್ಥೆ, ಬ್ಯಾಂಡ್ ಎಂದರೆ ಕಂಪನಿ ಬಳಸುವ ತರಂಗಗಳ ಪಟ್ಟಿಗೆ ಇಟ್ಟ ನಂಬರ್; ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ.

ಫೋನು ಪಿಕ್ಸೆಲ್ 6. ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗದ ಮಾಡೆಲ್, ಸೆಕೆಂಡ್ ಹ್ಯಾಂಡ್, 16 ಸಾವಿರದ ಆಸುಪಾಸು. ದುಡ್ಡು ಕೊಡುವ ಮೊದಲು ಎರಡು ಪರೀಕ್ಷೆ ಮಾಡಿದೆ. *#06# ಒತ್ತಿ ಬಂದ ಐಎಂಇಐ ನಂಬರನ್ನು ಇಂಗ್ಲಿಷಿನ ಕೆ, ವೈ, ಎಂ ಮೂರು ಅಕ್ಷರದ ಮುಂದೆ ಜಾಗ ಬಿಟ್ಟು ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ, ಕಳವಿನ ಪಟ್ಟಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಆಮೇಲೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಬೇಕು. ಒಂದೇ ಸಿಮ್ ಹಾಕಿ ಸಿಗ್ನಲ್ ತೋರಿಸುವವನನ್ನು ನಂಬಬೇಡಿ, ಕಾರಿಯರ್ ಲಾಕ್, ಅಂದರೆ ಒಂದೇ ಕಂಪನಿಯ ಸಿಮ್ ಹಿಡಿಯುವಂತೆ ಹಾಕಿದ ಬೀಗ, ಇದ್ದದ್ದು ಎರಡನೆಯದರಲ್ಲಿ ಗೊತ್ತಾಗುತ್ತದೆ. ಸಿಮ್ಮಿನ ಅಡಿಗೆ ತೆಳು ಚಿಪ್ ಇಟ್ಟು ಲಾಕ್ ದಾಟಿಸಿದ ಐಫೋನುಗಳೂ ಮಾರಾಟಕ್ಕಿವೆ. ಒಂದನ್ನು ವಾರ ಇಟ್ಟು ನೋಡಿ ವಾಪಸ್ ಕೊಟ್ಟೆ. ಅಪ್‌ಡೇಟ್ ಒತ್ತಿದ ಮರುದಿನ ಅದರಲ್ಲಿ ಸಿಗ್ನಲ್ಲೇ ಇರಲಿಲ್ಲ.

ಬ್ಯಾಂಡ್ ಲೆಕ್ಕ ಇಷ್ಟೇ. 4ಜಿಗೆ ಜಿಯೋ 3, 5, 40 ಬಳಸುತ್ತದೆ. ಏರ್‌ಟೆಲ್ 1, 3, 8, 40. ವಿಐ 1, 3, 8, 41. ಬಿಎಸ್‌ಎನ್‌ಎಲ್ 28, 1, 41. ಈ ಪಿಕ್ಸೆಲ್‌ನಲ್ಲಿ ಇವೆಲ್ಲ ಇವೆ. ಅಮೆರಿಕದ ಅಗ್ಗದ ಸೆಟ್ಟುಗಳಲ್ಲಿ ಎಷ್ಟೋ ಸಲ 40 ಇರುವುದಿಲ್ಲ. ನಮ್ಮಂಥ ತಗ್ಗಿಗೆ ಬೇಕಾದದ್ದು 28, ಅಂದರೆ 700 ಮೆಗಾಹರ್ಟ್ಸ್. ಬೆಟ್ಟದ ಅಂಚನ್ನು ಬಳಸಿ ಬಂದು ಗೋಡೆ ದಾಟುವ ಶಕ್ತಿ ಇರುವುದು ಅದಕ್ಕೆ.

ಇನ್ನು ತೊಂದರೆಯ ವಿಷಯ. ಬಿಎಸ್‌ಎನ್‌ಎಲ್ ಸಿಮ್ ಹಾಕಿದೆ, 4ಜಿ ಬಂತು, ಡೇಟಾ ಓಡಿತು, ಆದರೆ ಸೆಟ್ಟಿಂಗಿನಲ್ಲಿ ವೋಲ್ಟಿ ಸ್ವಿಚ್ಚೇ ಇಲ್ಲ. ಸಿಮ್ಮಿನ ನೆಟ್‌ವರ್ಕ್ ಕೋಡ್ ನೋಡಿ ಫೋನು ತನ್ನೊಳಗಿನ ಕಾರಿಯರ್ ಪಟ್ಟಿ, ಅಂದರೆ ಯಾವ ಕಂಪನಿಗೆ ಏನೇನು ಅನುಮತಿ ಎನ್ನುವ ಪಟ್ಟಿ, ಹುಡುಕುತ್ತದೆ, ಕರ್ನಾಟಕದ ಬಿಎಸ್‌ಎನ್‌ಎಲ್‌ಗೆ ಆ ಕೋಡ್ 404-71. ಪಟ್ಟಿಯಲ್ಲಿ ಅನುಮತಿ ಇಲ್ಲದಿದ್ದರೆ ಐಎಂಎಸ್‌ಗೆ ಪ್ರಯತ್ನವನ್ನೇ ಮಾಡುವುದಿಲ್ಲ. ಪೇಟೆಯಲ್ಲಿದ್ದರೆ ಇದು ಗೊತ್ತೇ ಆಗದು. ಹಳೇ ಟವರಿನಲ್ಲಿ 2ಜಿ ಇದೆ, ಕರೆ ಬಂದಾಗ ಫೋನು ಕೆಳಗಿಳಿದು ಮಾತಾಡಿಸುತ್ತದೆ. ನಮ್ಮ ಬೆಟ್ಟದ ಮೇಲೆ ಬಂದಿರುವ ಹೊಸ ಟವರಿನಲ್ಲಿ 4ಜಿ ಮಾತ್ರ. ಇಳಿಯಲು ಜಾಗವೇ ಇಲ್ಲ. ನಾಲ್ಕು ಕಡ್ಡಿ ಸಿಗ್ನಲ್ ಇದ್ದೂ ಕರೆ ಮಾಡಿದವರಿಗೆ "ಸಂಪರ್ಕದಲ್ಲಿಲ್ಲ" ಎಂದು ಕೇಳುತ್ತದೆ. ಹಾಗಾಗಿ ಕಡ್ಡಿ ಎಣಿಸಿ ನೆಟ್‌ವರ್ಕ್ ಆರಿಸಬೇಡಿ. ನೋಡಬೇಕಾದದ್ದು *#*#4636#*#* ಒತ್ತಿ, ಫೋನ್ ಮಾಹಿತಿ, ಮೇಲಿನ ಮೂರು ಚುಕ್ಕಿ, ಐಎಂಎಸ್ ಸ್ಥಿತಿ. ಅಲ್ಲಿ "ರಿಜಿಸ್ಟರ್ಡ್" ಎಂದಿದ್ದರೆ ಮಾತ್ರ ಆ ನೆಟ್‌ವರ್ಕ್ ನಿಮ್ಮ ಫೋನಿಗೆ ಇದೆ ಎಂದು ಅರ್ಥ. ಎರಡು ಸಿಮ್ ಇದ್ದರೆ ಮೇಲೆ ಯಾವ ಸಿಮ್ ಆರಿಸಿದ್ದೀರಿ ಎಂದು ನೋಡಿಕೊಳ್ಳಿ. ಬೇರೆ ಸಿಮ್ಮಿನ ಪುಟ ನೋಡಿ ಖುಷಿಪಟ್ಟವರನ್ನು ಕಂಡಿದ್ದೇನೆ.

ಸೋತ ದಾರಿಗಳು, ಖರ್ಚಿನ ಸಮೇತ. ಎಪಿಎನ್, ಅಂದರೆ ಡೇಟಾ ಸಂಪರ್ಕದ ದಾರಿಗಳ ಪಟ್ಟಿಯಲ್ಲಿ ಐಎಂಎಸ್ ಹೆಸರಿನದೊಂದನ್ನು ಕೈಯಿಂದ ಸೇರಿಸಿದೆ, ಏನೂ ಆಗಲಿಲ್ಲ. ಬಾಗಿಲಿಗೆ ಬೀಗ ಇರುವಾಗ ದಾರಿ ಅಗಲ ಮಾಡಿದ ಹಾಗೆ ಅದು. 4636 ಪುಟದ "ವೋಲ್ಟಿ ಪ್ರೊವಿಷನ್ಡ್" ಸ್ವಿಚ್ ಬೂದು ಬಣ್ಣದಲ್ಲಿ ಕೂತಿತ್ತು, ಒತ್ತಲು ಬರಲಿಲ್ಲ. ಸಿಮ್ಮೇ ಹಾಳಿರಬಹುದೆಂದು ಎರಡು ಸಲ ಬದಲಿಸಿದೆ, ಓಡಾಟ ಸೇರಿ ಇನ್ನೂರು ಮುನ್ನೂರು ರೂಪಾಯಿ. ಒಬ್ಬರು ಫರ್ಮ್‌ವೇರ್ ಬದಲಿಸಿ ಕೊಡುತ್ತೇನೆಂದು 1,500 ತಗೊಂಡರು, ಆಗಲಿಲ್ಲ, 800 ವಾಪಸ್ ಬಂತು. ರೂಟ್, ಅಂದರೆ ಫೋನಿನ ಒಳಗಿನ ಪೂರ್ತಿ ಹಿಡಿತ ನಮ್ಮ ಕೈಗೆ ತರುವುದು, ಅದನ್ನೂ ಮಾಡಿ ನೋಡಿದೆ. ಅದಕ್ಕೆ ಬೂಟ್‌ಲೋಡರ್, ಅಂದರೆ ಫೋನು ಶುರು ಮಾಡುವ ತಂತ್ರಾಂಶದ ಬೀಗ, ಬಿಚ್ಚಿದಾಗ ಒಮ್ಮೆ, ಮತ್ತೆ ಲಾಕ್ ಮಾಡಿದಾಗ ಇನ್ನೊಮ್ಮೆ ಫೋನು ಪೂರ್ತಿ ಅಳಿಸಿಹೋಗುತ್ತದೆ. ವೋಲ್ಟಿ ಬಂತು, ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಅಡಿಕೆ ದುಡ್ಡು ಬರುವ ಖಾತೆಯ ಆ್ಯಪ್ ಇಲ್ಲದ ಫೋನು ನನಗೆ ಬೇಡ. ಕೆಲವು ಅಮೆರಿಕದ ಕಂಪನಿಗಳು ಮಾರಿದ ಪಿಕ್ಸೆಲ್‌ಗಳಲ್ಲಿ ಬೂಟ್‌ಲೋಡರ್ ಬಿಚ್ಚಲಿಕ್ಕೇ ಬರುವುದಿಲ್ಲ, ಅದು ಬೇರೆ.

ಕೊನೆಗೆ ಕೆಲಸ ಮಾಡಿದ್ದು ರೂಟ್ ಬೇಡದ ದಾರಿ: ರೂಟ್ ಇಲ್ಲದೆಯೇ ಬೇರೆ ಆ್ಯಪ್‌ಗೆ ಒಳಗಿನ ಅನುಮತಿ ಕೊಡಿಸುವ ಶಿಝುಕು, ಆ ಅನುಮತಿಯಿಂದ ವೋಲ್ಟಿ ಬೀಗ ತೆಗೆಯುವ ಪಿಕ್ಸೆಲ್ ಐಎಂಎಸ್, ಎರಡು ಪುಕ್ಕಟೆ ಆ್ಯಪ್. ಗೂಗಲ್‌ನದೇ ಟೆನ್ಸರ್ ಚಿಪ್ಪಿನ ಪಿಕ್ಸೆಲ್‌ಗಳಿಗೆ, ಅಂದರೆ 6ರಿಂದ ಮುಂದಿನವಕ್ಕೆ ಮಾತ್ರ. ಇದರಲ್ಲಿ ಅನುಕ್ರಮ ತಪ್ಪಿದರೆ ದಿನವಿಡೀ ಒದ್ದಾಡಬೇಕು.

ಮೊದಲ ಕೆಲಸ ಫೋನಿನದ್ದಲ್ಲ, ಸಿಮ್ಮಿನದ್ದು. ಅದು 4ಜಿ ಸಿಮ್ ಆಗಿರಬೇಕು. ಇಂಗ್ಲಿಷಿನಲ್ಲಿ ಎ, ಸಿ, ಟಿ ಮೂರು ಅಕ್ಷರ, ಜಾಗ ಬಿಡದೆ ಅದಕ್ಕೇ ಅಂಟಿಸಿ ವೋಲ್ಟಿ ಎಂದು ಬರೆದು 53733ಕ್ಕೆ ಎಸ್‌ಎಂಎಸ್ ಮಾಡಿ ನೆಟ್‌ವರ್ಕಿನ ಕಡೆಯಿಂದ ವೋಲ್ಟಿ ಚಾಲು ಮಾಡಿಸಬೇಕು. ಸಿಕ್ಕಿಬೀಳುವುದು ಇಲ್ಲೇ. 4ಜಿ ಮಾತ್ರ ಇರುವ ಟವರಿನಡಿ ಐಎಂಎಸ್ ಇಲ್ಲದ ನನ್ನ ಫೋನಿಂದ ಎಸ್‌ಎಂಎಸ್ಸೂ ಹೋಗಲಿಲ್ಲ, ಎಸ್‌ಎಂಎಸ್ ಹೋಗದೆ ವೋಲ್ಟಿ ಚಾಲು ಆಗುವುದಿಲ್ಲ. ಶಿರಸಿ ಪೇಟೆಗೆ ಬಂದು, ನೆಟ್‌ವರ್ಕ್ ಆಯ್ಕೆಯನ್ನು 2ಜಿಗೆ ಇಳಿಸಿ ಕಳಿಸಿದೆ. ಆಗಲೂ ಹೋಗದಿದ್ದರೆ 4636 ಪುಟದ ಕೆಳಗಿನ ಎಸ್‌ಎಂಎಸ್‌ಸಿ, ಅಂದರೆ ಎಸ್‌ಎಂಎಸ್ ಸಾಗಿಸುವ ಕೇಂದ್ರದ ನಂಬರಿನ ಜಾಗ ಖಾಲಿ ಇದೆಯೇ ನೋಡಿ. ಅದೇ ಸರ್ಕಲ್‌ನ, ಅಂದರೆ ಟೆಲಿಕಾಂ ವಲಯದ, ಅದೇ ಕಂಪನಿಯ ಸಿಮ್ ಇರುವ ಇನ್ನೊಂದು ಫೋನಿಂದ ನಂಬರ್ ನಕಲು ಮಾಡಿ ತುಂಬಬೇಕು. ಯುಪಿಐ ನೋಂದಣಿ "ಎಸ್‌ಎಂಎಸ್ ಕಳಿಸಲಾಗಲಿಲ್ಲ" ಎಂದು ನಿಲ್ಲುವುದಕ್ಕೂ ಬಹಳ ಸಲ ಐಎಂಎಸ್ ಇಲ್ಲದ್ದು, ಎಸ್‌ಎಂಎಸ್‌ಸಿ ಖಾಲಿ ಇದ್ದದ್ದು, ಇವೆರಡರಲ್ಲಿ ಒಂದು ಕಾರಣ.

ಎರಡನೆಯದು ಶಿಝುಕು. ಬಿಲ್ಡ್ ನಂಬರ್ ಏಳು ಸಲ ತಟ್ಟಿ ಡೆವಲಪರ್ ಆಯ್ಕೆ ತೆರೆದು ವೈರ್‌ಲೆಸ್ ಡೀಬಗ್ಗಿಂಗ್ ಆನ್ ಮಾಡಿ. ಇದಕ್ಕೆ ಫೋನು ಯಾವುದಾದರೂ ವೈಫೈಗೆ ಸೇರಿರಲೇಬೇಕು, ಇಂಟರ್ನೆಟ್ ಇರಬೇಕೆಂದಿಲ್ಲ. ಕರೆಂಟ್ ಹೋದಾಗ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಸಾಕು. ಜೋಡಣೆಯ ಆರಂಕಿ ಕೋಡ್ ಬಂದಾಗ ಆ ಪುಟ ಬಿಟ್ಟು ಶಿಝುಕು ತೆರೆಯಬೇಡಿ. ಪುಟ ಮುಚ್ಚಿದರೆ ಕೋಡೂ ಸತ್ತಿತು. ಮೇಲಿಂದ ನೋಟಿಫಿಕೇಷನ್ ಎಳೆದು ಅಲ್ಲೇ ಕೋಡ್ ತುಂಬಬೇಕು. ನಾನು ಮೊದಲ ದಿನ ಹತ್ತು ಹನ್ನೆರಡು ಸಲ ಸೋತದ್ದು ಇದೊಂದಕ್ಕೆ.

ಮೂರನೆಯದು ಪಿಕ್ಸೆಲ್ ಐಎಂಎಸ್. ಶಿಝುಕು ಅನುಮತಿ ಕೊಟ್ಟು, ಸರಿಯಾದ ಸಿಮ್ ಆರಿಸಿ, ವೋಲ್ಟಿ ಒಂದನ್ನು ಮಾತ್ರ ಆನ್ ಮಾಡಿ. ಇರುವ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಒತ್ತಿದರೆ ಯಾವುದು ಕೆಡಿಸಿತೆಂದು ಗೊತ್ತಾಗುವುದಿಲ್ಲ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಮೊದಲ ಸಲ ನನಗೆ ರಿಜಿಸ್ಟರ್ ಆಗಲು ನಾಲ್ಕೈದು ನಿಮಿಷ ಹಿಡಿಯಿತು, ಈಗ ಹತ್ತು ಸೆಕೆಂಡು. ವೈಫೈ ಕಾಲಿಂಗ್ ಮರುದಿನ ಹಾಕಿದೆ.

ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಮೊದಲು ಈ ಸೆಟ್ಟಿಂಗ್ ಫೋನಿನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ಒಂದು ಸೆಕ್ಯುರಿಟಿ ಅಪ್‌ಡೇಟ್ ಆದ ಮೇಲೆ ನನ್ನದರಲ್ಲಿ ರೀಸ್ಟಾರ್ಟ್ ಆದಾಗಲೆಲ್ಲ ಅಳಿಸಿಹೋಗುತ್ತದೆ, ಶಿಝುಕುವೂ ನಿಂತಿರುತ್ತದೆ. ಬ್ಯಾಟರಿ ಮುಗಿದು ಫೋನು ಸತ್ತು ಎದ್ದರೆ 4ಜಿ ಚಿಹ್ನೆ ಎಂದಿನಂತೆ ಕಾಣುತ್ತದೆ, ಕರೆ ಮಾತ್ರ ಬರುವುದಿಲ್ಲ. ಅದಕ್ಕೇ ಆಟೋ ಅಪ್‌ಡೇಟ್ ನಿಲ್ಲಿಸಿದ್ದೇನೆ, ರೀಸ್ಟಾರ್ಟ್ ಆದ ಕೂಡಲೇ 4636 ನೋಡುತ್ತೇನೆ. ಮನೆಯ ವೈಫೈ ಸಿಕ್ಕ ತಕ್ಷಣ ಇಷ್ಟೂ ತಾನಾಗಿ ಆಗುವಂತೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಕೂತು ಮೂರು ವಾರ ತಿದ್ದಿದ್ದು ಅದು, ಇಲ್ಲಿ ಬಿಚ್ಚಿಡುವುದಿಲ್ಲ. ಕೈಯಿಂದ ಮಾಡಿದರೂ ಒಂದೂವರೆ ನಿಮಿಷದ ಕೆಲಸ.

ವೋಲ್ಟಿ ಬಂತೆಂದು ಅಂದೇ ನಂಬರ್ ಪೋರ್ಟ್ ಮಾಡಲಿಲ್ಲ. ಹಳೇ ನೆಟ್‌ವರ್ಕಿನ ನಂಬರನ್ನು ಇ-ಸಿಮ್‌ಗೆ ಹಾಕಿ, ಸಿಮ್ ಜಾಗದಲ್ಲಿ ಬಿಎಸ್‌ಎನ್‌ಎಲ್‌ನ ಹೊಸ ನಂಬರ್ ಇಟ್ಟು ಎರಡು ತಿಂಗಳು ಅಳೆದೆ. ಇ-ಸಿಮ್‌ಗೆ ಬದಲಿಸಿದ ದಿನ 24 ಗಂಟೆ ಎಸ್‌ಎಂಎಸ್ ನಿಲ್ಲುತ್ತದೆ, ಒಟಿಪಿ ಬೇಕಾದ ಕೆಲಸ ಅವತ್ತು ಇಟ್ಟುಕೊಳ್ಳಬೇಡಿ. ಸಿಗ್ನಲ್ ಬಲ ತೋರಿಸುವ ನೆಟ್‌ಮಾನ್‌ಸ್ಟರ್ ಆ್ಯಪ್ ಇಟ್ಟುಕೊಂಡು ದಿನಕ್ಕೆ ಮೂರು ಸಲ ಅಂಗಳ, ಜಗಲಿ, ಒಳಕೋಣೆ, ತೋಟದ ತಳದ ಕಾಲುವೆ ಹತ್ತಿರ ಬರೆದಿಟ್ಟೆ. ಅದರ ಲೆಕ್ಕ ಡಿಬಿಎಂನಲ್ಲಿ, ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ನೆನಪಿನಿಂದ ಹೇಳುವುದಾದರೆ ಅಂಗಳದಲ್ಲಿ ಹಳೆಯದು ಬ್ಯಾಂಡ್ 3ರಲ್ಲಿ ಮೈನಸ್ 112ರ ಸುತ್ತ, ಹೊಸದು ಬ್ಯಾಂಡ್ 28ರಲ್ಲಿ ಮೈನಸ್ 96. ಒಳಕೋಣೆಯಲ್ಲಿ ಹಳೆಯದು ಸಿಗುವುದೇ ಇಲ್ಲ, ಹೊಸದು ಮೈನಸ್ 107. ಮೈನಸ್ 115 ದಾಟಿದರೆ ನನ್ನ ಫೋನಿನಲ್ಲಿ ಮಾತು ತುಂಡಾಗುತ್ತದೆ. ಆಷಾಢದ ಮಳೆಯಲ್ಲಿ ಚಿರೆಕಲ್ಲು ನೀರು ಕುಡಿದು ಕೂತಾಗ ಒಳಗಿನ ಲೆಕ್ಕ ಇನ್ನೂ ನಾಲ್ಕೈದು ಇಳಿಯಿತು, ಅಂಗಳದಲ್ಲಿ ಒಂದೆರಡು ಮಾತ್ರ. ಬೇಸಿಗೆಯಲ್ಲಿ ಮಾತ್ರ ಅಳೆದು ನೆಟ್‌ವರ್ಕ್ ಬದಲಿಸಿದವರು ಮಳೆಗಾಲದಲ್ಲಿ ಪೇಚಾಡುವುದು ಇದಕ್ಕೇ. ಡೇಟಾ ವೇಗ ಬೇಕಾದವರಿಗೆ ಈ ಲೆಕ್ಕ ಒಪ್ಪದೆ ಇರಬಹುದು. ಪೇಟೆಯ ಬ್ಯಾಂಡ್ 40ರ ವೇಗವನ್ನು 700ರಿಂದ ನಿರೀಕ್ಷಿಸಬಾರದು. ನನಗೆ ಬೇಕಿದ್ದದ್ದು ಕರೆ.

ಮಧ್ಯೆ ಅಟ್ಟದ ಮೇಲೊಂದು ಪ್ರಯೋಗ ಮಾಡಿದೆ, ಫೋನಿಗೆ ನೇರ ಸಂಬಂಧವಿಲ್ಲ. 4ಜಿ ರೂಟರ್, ಹೊರಗೆ ಒಂದೇ ದಿಕ್ಕಿನ ಸಿಗ್ನಲ್ ಹಿಡಿಯುವ ಎರಡು ಲಾಗ್ ಪೀರಿಯಾಡಿಕ್ ಆಂಟೆನಾ, ಒಂದು 45 ಡಿಗ್ರಿ ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿಸಿ ಟವರಿನ ಕಡೆಗೆ. ಮೊದಲು ಅಗ್ಗದ ಆರ್‌ಜಿ 58 ಕೇಬಲ್ 15 ಮೀಟರ್ ಎಳೆದೆ. ಆಂಟೆನಾ ಗಳಿಸಿದ್ದನ್ನೆಲ್ಲ ಕೇಬಲ್ಲೇ ನುಂಗಿತು, ಅಷ್ಟುದ್ದಕ್ಕೆ ಆರೇಳು ಡಿಬಿ ನಷ್ಟ. ರೂಟರನ್ನೇ ಹಂಚಿನ ಅಡಿಗೆ ಏರಿಸಿ ಕೇಬಲ್ ಎರಡು ಮೀಟರಿಗೆ ಇಳಿಸಿದ ಮೇಲೆ ಸರಿಹೋಯಿತು. ಆಂಟೆನಾ ಜೋಡಿ, ಕೇಬಲ್, ಪಿನ್ ಸೇರಿ 4 ಸಾವಿರದ ಹತ್ತಿರ, ಅದರಲ್ಲಿ ಸಾವಿರ ದಂಡ. ಈಗ ಆ ವೈಫೈ ಮೇಲೆ ಕೊಟ್ಟಿಗೆಯಲ್ಲೂ ಕರೆ ಬರುತ್ತದೆ. ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅದನ್ನು ಇಡುವುದು ಕಾನೂನಿಗೆ ವಿರುದ್ಧ, ಟವರಿಗೇ ಗದ್ದಲ ತುಂಬಿ ಸುತ್ತಲಿನವರ ಕರೆಯೂ ಕೆಡುತ್ತದೆ.

ಎರಡು ತಿಂಗಳ ಲೆಕ್ಕ ನೋಡಿ ಮುಖ್ಯ ನಂಬರನ್ನು ಪೋರ್ಟ್ ಮಾಡಿದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಎಂಟಕ್ಷರದ ಕೋಡ್ ಬರುತ್ತದೆ, ಆಯಸ್ಸು 4 ದಿನ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಆಗಿದ್ದರೆ ಬಾಕಿ ಇರಬಾರದು. ಕಳೆದ ಅಥವಾ ಕೆಟ್ಟ ಸಿಮ್ ಬದಲಿಸಿ 7 ದಿನ ಆಗದಿದ್ದರೆ ಕೋಡೇ ಸಿಗದು, 2024ರ ಜುಲೈ 1ರಿಂದ ಬಂದ ನಿಯಮ. ಸರ್ಕಲ್ ಒಳಗೆ 3 ಕೆಲಸದ ದಿನ, ಹೊರಗಾದರೆ 5. ಪ್ರಿಪೇಯ್ಡ್‌ನಲ್ಲಿ ಉಳಿದ ದುಡ್ಡು ಹೋದಂತೆಯೇ, ರೀಚಾರ್ಜ್ ಮುಗಿಯುವ ವಾರ ನೋಡಿ ಮಾಡಿ. ಹೊಸ ಸಿಮ್ ಬಂದ ಮೇಲೆ ಯುಪಿಐ ಮತ್ತೆ ನೋಂದಣಿ ಕೇಳುತ್ತದೆ. ಐಎಂಎಸ್ ಬಂದಿದೆಯೆಂದು ನೋಡಿಕೊಂಡೇ ಅದಕ್ಕೆ ಕೈ ಹಾಕಿ.

ಕಾರವಾರದ ಕಡೆ ಹೋಗುವವರಿಗೆ ಇನ್ನೊಂದು. ಗೋವಾ ಇರುವುದು ಮಹಾರಾಷ್ಟ್ರ ಸರ್ಕಲ್‌ನಲ್ಲಿ. ಸದಾಶಿವಗಡ ದಾಟಿ ಮಾಜಾಳಿ ಹತ್ತಿರ ಬಂದಾಗ ಫೋನು ಗಡಿಯಾಚೆಯ ಟವರ್ ಹಿಡಿದು ಕೋಡ್ 404-66 ಆಯಿತು. ಇಲ್ಲಿ ಮಾರುವ ಫೋನುಗಳು ಇದನ್ನು ಮನೆಯ ನೆಟ್‌ವರ್ಕ್ ಎಂದೇ ನಡೆಸಿಕೊಳ್ಳುತ್ತವೆ, ನನ್ನದು ರೋಮಿಂಗ್ ಎಂದು ಡೇಟಾ ನಿಲ್ಲಿಸಿತು. ಡೇಟಾ ರೋಮಿಂಗ್ ಸ್ವಿಚ್ ಆನ್ ಇಟ್ಟರೆ ಸಾಕು, ದೇಶದೊಳಗೆ ಅದಕ್ಕೆ ನನಗೆ ಬೇರೆ ದುಡ್ಡು ಬಿದ್ದಿಲ್ಲ. ಡೇಟಾ ಬಂದರೂ ಐಎಂಎಸ್ ಮತ್ತೆ ಹತ್ತಲು ಒಂದು ಸಲ ಏರ್‌ಪ್ಲೇನ್ ಮೋಡ್ ಬೇಕಾಗುತ್ತದೆ. ಕಾಳಿ ಸೇತುವೆಯ ಈಚೆ ಬಂದ ಮೇಲೂ ಇನ್ನೊಂದು ಸಲ.