ಹಳೆಯ ಟ್ರ್ಯಾಕ್ಟರಿನ ಮೂಲ ಗೇಜುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಎಂಜಿನ್ ಬಿಚ್ಚಿ ಕಟ್ಟಿ, ಬಣ್ಣ ಬಳಿದು, ಟೈರು ಬದಲಿಸಿದವರೂ ಡ್ಯಾಶ್‌ಬೋರ್ಡಿನ ಹತ್ತಿರ ಬಂದಾಗ ಕೈಚೆಲ್ಲಿಬಿಡುತ್ತಾರೆ. ಗಾಜು ಮಬ್ಬಾಗಿರುತ್ತದೆ, ಮುಳ್ಳು ಅಲ್ಲಾಡುವುದಿಲ್ಲ, ಅಂಕಿಗಳು ಮಾಸಿರುತ್ತವೆ. ಹೊಸ ಗೇಜ್ ತಂದು ಕೂರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಹೊಸದರ ಅಕ್ಷರದ ಅಚ್ಚಾಗಲಿ, ಮುಳ್ಳಿನ ಆಕಾರವಾಗಲಿ ಹಳೆಯ ಗಾಡಿಗೆ ಒಗ್ಗುವುದಿಲ್ಲ. ಈ ಗೇಜುಗಳ ಒಳಗಿನ ಯಂತ್ರ ತೀರ ಸರಳ. ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ, ಜಿಡ್ಡು ಹಿಡಿದು ನಿಂತಿರುತ್ತದೆ. ಒಳಗಿನ ಯಂತ್ರ ಸುಳ್ಳು ಹೇಳಬಾರದು, ಮುಖದ ಮೇಲಿನ ವಯಸ್ಸು ಹಾಗೇ ಇರಲಿ ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಮುಂದಿನ ಎಲ್ಲ ಹಂತಗಳನ್ನೂ ಇದೇ ಲೆಕ್ಕದಲ್ಲಿ ಬರೆದಿದ್ದೇನೆ.

ಬಿಚ್ಚುವ ಮುನ್ನ

ಮೊದಲು ಬ್ಯಾಟರಿಯ ವೈರ್ ತೆಗೆಯಿರಿ. ಡ್ಯಾಶ್‌ಬೋರ್ಡಿನ ಹಿಂದೆ ಯಾವ ವೈರ್ ಎಲ್ಲಿಗೆ ಹೋಗಿದೆ ಎಂದು ಫೋಟೊ ತೆಗೆದು, ಪ್ರತಿ ವೈರಿಗೂ ಚೀಟಿ ಅಂಟಿಸಿ. ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಪಾಸಿಟಿವ್ ತುದಿಯೇ ಅರ್ಥಿಂಗ್, ಅಂದರೆ ಬ್ಯಾಟರಿಯ ಆ ತುದಿಯನ್ನೇ ಗಾಡಿಯ ಲೋಹದ ಮೈಗೆ ಸೇರಿಸಿರುತ್ತಾರೆ. ಫರ್ಗೂಸನ್ ಟಿಇ 20, ಫೋರ್ಡ್ 8ಎನ್ ಎರಡೂ ಹಾಗೆಯೇ. ಇದನ್ನು ಮರೆತು ವೈರ್ ಜೋಡಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಕರೆಂಟಿನ ಹರಿವು ತೋರಿಸುವ ಆಮ್‌ಮೀಟರ್ ಖಾಲಿಯಾಗುತ್ತಿದೆ ಎಂದು ತೋರಿಸುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಕತ್ತಲಲ್ಲಿ ಹೊಳೆಯಲೆಂದು ಹಿಂದಿನ ಕಾಲದ ಕೆಲವು ಗೇಜುಗಳ ಅಂಕಿ, ಮುಳ್ಳುಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಎಲ್ಲ ಟ್ರ್ಯಾಕ್ಟರಿನಲ್ಲೂ ಇದು ಇರುವುದಿಲ್ಲ. ಆದರೆ ಅಂಕಿಗಳ ಮೇಲೆ ದಪ್ಪನೆಯ, ಕಂದು ಬಣ್ಣಕ್ಕೆ ತಿರುಗಿದ ಲೇಪನ ಕಂಡರೆ ಅನುಮಾನ ಪಡಲೇಬೇಕು. ಅದು ಈಗ ಹೊಳೆಯದಿದ್ದರೂ ವಿಕಿರಣ ನಿಂತಿರುವುದಿಲ್ಲ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ, ಸವೆದುಹೋಗಿರುವುದು ಅದರ ಜೊತೆಗಿದ್ದು ಹೊಳೆಯುತ್ತಿದ್ದ ಸತುವಿನ ಸಲ್ಫೈಡ್ ಅಷ್ಟೆ. ಅಂಥ ಗೇಜನ್ನು ತೆರೆಯಬೇಡಿ, ಕೆರೆಯಬೇಡಿ. ಅದು ತಜ್ಞರ ಕೆಲಸ.

ಅಂಚಿನ ಉಂಗುರ

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಇಲ್ಲೇ. ಗಾಜನ್ನು ಹಿಡಿದಿರುವ ಲೋಹದ ಉಂಗುರದ ಹಿಂದಿನ ಅಂಚನ್ನು ಡಬ್ಬಿಯ ತುಟಿಯ ಮೇಲೆ ಮಡಚಿರುತ್ತಾರೆ. ಕೆಲವು ಗೇಜುಗಳಲ್ಲಿ ಉಂಗುರವನ್ನು ಸ್ವಲ್ಪ ತಿರುಗಿಸಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಮೊದಲು ಅದನ್ನು ಪರೀಕ್ಷಿಸಿ. ಮಡಚಿದ್ದಾದರೆ ಅಂಚನ್ನು ಉಜ್ಜಿ ಮೊಂಡು ಮಾಡಿದ ತೆಳುವಾದ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಮಡಿಕೆಯ ಕೆಳಗೆ ಅದರ ತುದಿ ಇಟ್ಟು ಕೂದಲೆಳೆಯಷ್ಟು ಮಾತ್ರ ಎತ್ತಿ, ಬೆರಳಗಲ ಮುಂದಕ್ಕೆ ಸರಿದು ಮತ್ತೆ ಅಷ್ಟೇ ಎತ್ತಿ. ಹೀಗೆ ಪೂರ್ತಿ ಸುತ್ತು ಬಂದಮೇಲೆ ಎರಡನೆಯ ಸುತ್ತು, ಮೂರನೆಯ ಸುತ್ತು. ಒಂದೇ ಜಾಗದಲ್ಲಿ ಜೋರಾಗಿ ಮೀಟಿದರೆ ಉಂಗುರ ಸೊಟ್ಟಗಾಗುತ್ತದೆ, ಗಾಜೂ ಒಡೆಯುತ್ತದೆ. ಉಂಗುರ ಬಿಟ್ಟುಕೊಂಡಾಗ ಮಡಿಕೆಯ ಒಳಭಾಗ ನೋಡಿ. ಬಿಸಿಲು ಕಾಣದ ಆ ಜಾಗದಲ್ಲಿ ಮೂಲದ ಕಪ್ಪು ಬಣ್ಣವೋ ನಿಕಲ್ ಲೇಪನವೋ ಹಾಗೇ ಉಳಿದಿರುತ್ತದೆ. ಮರುಬಣ್ಣಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ.

ಆಯಿಲ್ ಪ್ರೆಶರ್ ಗೇಜ್

ಎಂಜಿನ್ನಿನ ಜೀವ ಇದರ ಮೇಲೆ ನಿಂತಿರುವುದರಿಂದ ಇದಕ್ಕೇ ಮೊದಲ ಆದ್ಯತೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೋರ್ಡನ್ ಪೇಟೆಂಟ್ ಪಡೆದ ಬಾಗಿದ, ಚಪ್ಪಟೆ ನಳಿಕೆಯೇ ಇದರ ಹೃದಯ. ಮಕ್ಕಳು ಊದುವ ಸುರುಳಿ ಪೀಪಿಯಂತೆ, ಒಳಗೆ ಒತ್ತಡ ಏರಿದಾಗ ನಳಿಕೆ ಬಿಚ್ಚಿಕೊಳ್ಳಲು ನೋಡುತ್ತದೆ. ಆ ಸಣ್ಣ ಚಲನೆಯನ್ನು ಹಲ್ಲುಚಕ್ರ ದೊಡ್ಡದು ಮಾಡಿ ಮುಳ್ಳಿಗೆ ಕೊಡುತ್ತದೆ.

ಮುಳ್ಳು ಎಲ್ಲಿ ನಿಂತಿದೆ ಎಂಬ ಫೋಟೊ ತೆಗೆದ ಮೇಲೆ ಡಯಲಿನ ಮೇಲೆ ದಪ್ಪ ಕಾಗದ ಹರಡಿ, ಎರಡು ಚಿಕ್ಕ ಚಮಚಗಳಿಂದ ಎರಡೂ ಕಡೆ ಒಟ್ಟಿಗೆ ಮೀಟಿ ಮುಳ್ಳನ್ನು ಮೇಲಕ್ಕೆತ್ತಿ. ಡಯಲ್ ತೆಗೆದಿಟ್ಟು ಯಂತ್ರವನ್ನು ಮೃದು ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಿರಿ. ಒಣಗಿದ ಮೇಲೆ ತಿರುಗುವ ತುದಿಗಳಿಗೆ ಗುಂಡುಸೂಜಿಯ ಮೊನೆಯಲ್ಲಿ ನಿಂತಷ್ಟು ಗಡಿಯಾರದ ಎಣ್ಣೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದು ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ.

ಗೇಜಿನ ಕುತ್ತಿಗೆಯಲ್ಲಿ ಸೂಜಿಯಷ್ಟು ಸಣ್ಣ ರಂಧ್ರವಿರುತ್ತದೆ. ಪಂಪಿನ ಮಿಡಿತಕ್ಕೆ ಮುಳ್ಳು ನಡುಗದಿರಲಿ ಎಂದು ಬೇಕೆಂದೇ ಅಷ್ಟು ಕಿರಿದಾಗಿ ಮಾಡಿರುತ್ತಾರೆ. ‘ಗೇಜ್ ಸತ್ತಿದೆ’ ಎಂದು ಎಸೆದವುಗಳಲ್ಲಿ ಎಷ್ಟೋ ಇಲ್ಲಿ ಎಣ್ಣೆಯ ಕಸ ಕಟ್ಟಿಕೊಂಡವು. ತೆಳು ತಾಮ್ರದ ತಂತಿಯಿಂದ ಬಿಡಿಸಿ, ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ.

ಆಮೇಲೆ ಪರೀಕ್ಷೆ. ನಿಖರವೆಂದು ಗೊತ್ತಿರುವ ಇನ್ನೊಂದು ಗೇಜನ್ನು ಟಿ-ಜೋಡಣೆಯಲ್ಲಿ ಸೇರಿಸಿ, ರೆಗ್ಯುಲೇಟರ್ ಮೂಲಕ ನಿಧಾನವಾಗಿ ಗಾಳಿ ಕೊಡಿ. ಡಯಲಿನ ಕೊನೆಯ ಅಂಕಿ ದಾಟಿಸಬಾರದು. 20, 40, 60 ಪಿಎಸ್‌ಐನಲ್ಲಿ ಎರಡನ್ನೂ ಹೋಲಿಸಿ. ವ್ಯತ್ಯಾಸ ಎಲ್ಲ ಕಡೆ ಒಂದೇ ಆಗಿದ್ದರೆ ಮುಳ್ಳನ್ನು ಸರಿಸಿ ಕೂರಿಸಿದರೆ ಮುಗಿಯಿತು. ಒತ್ತಡ ಏರಿದಂತೆ ವ್ಯತ್ಯಾಸವೂ ಏರುತ್ತಿದ್ದರೆ ಒಳಗಿನ ಜೋಡಣೆಯನ್ನೇ ಹೊಂದಿಸಬೇಕು. ಅದನ್ನು ಉಪಕರಣ ರಿಪೇರಿಯವರಿಗೆ ಬಿಡುವುದು ಒಳ್ಳೆಯದು.

ಉಳಿದವು

ಆಮ್‌ಮೀಟರ್ ಪರೀಕ್ಷೆ ಸುಲಭ. 12 ವೋಲ್ಟ್ ಬ್ಯಾಟರಿ, 55 ವ್ಯಾಟಿನ ಬಲ್ಬು, ನಡುವೆ ಮೀಟರು. ಮುಳ್ಳು ನಾಲ್ಕೂವರೆ ಆಂಪಿಯರ್ ಆಸುಪಾಸು ಹೋಗಬೇಕು. ಬಲ್ಬಿಲ್ಲದೆ ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಮೀಟರು ಸುಟ್ಟೇಹೋಗುತ್ತದೆ.

ಉಷ್ಣತೆಯ ಗೇಜಿನ ವಿಷಯ ಬೇರೆ. ಅದರ ಬಲ್ಬು (ದೀಪವಲ್ಲ, ಬಿಸಿಯನ್ನು ಗ್ರಹಿಸುವ ಲೋಹದ ತುದಿ), ಉದ್ದನೆಯ ಸಣ್ಣ ತಾಮ್ರದ ನಳಿಕೆ, ಗೇಜು ಮೂರೂ ಸೇರಿ ಒಂದೇ ಮುಚ್ಚಿದ ವ್ಯವಸ್ಥೆ. ಹಳೆಯವುಗಳ ಒಳಗೆ ಹೆಚ್ಚಾಗಿ ಈಥರ್ ಎಂಬ, ಬೇಗ ಬೆಂಕಿ ಹಿಡಿಯುವ ದ್ರವ ಇರುತ್ತದೆ. ನಳಿಕೆಯನ್ನು ಚೂಪಾಗಿ ಬಗ್ಗಿಸಬೇಡಿ, ಬೆಂಕಿಯ ಹತ್ತಿರ ತರಬೇಡಿ. ಬಲ್ಬನ್ನು ನೀರಿನಲ್ಲಿ ಮುಳುಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ನೀರನ್ನು ಎಲೆಕ್ಟ್ರಿಕ್ ಹೀಟರಿನಲ್ಲಿ ಕಾಯಿಸುತ್ತಾ ಹೋಲಿಸಿ. ಮುಳ್ಳು ಕದಲದಿದ್ದರೆ ಹೆಚ್ಚಾಗಿ ಈಥರ್ ಸೋರಿಹೋಗಿದೆ ಎಂದೇ ಅರ್ಥ. ಬೇರೆ ಗೇಜಿನ ಬಲ್ಬನ್ನು ಮಂಜುಗಡ್ಡೆ-ಉಪ್ಪಿನಲ್ಲಿ ತಣ್ಣಗಿಟ್ಟು ನಳಿಕೆಗೆ ಬೆಸೆಯುವ ಉಪಾಯ ಬಲ್ಲವರಿದ್ದಾರೆ. ಅನುಭವ ಇಲ್ಲದವರು ಅದಕ್ಕೆ ಕೈಹಾಕಬಾರದು.

ಗಂಟೆ ಮತ್ತು ಎಂಜಿನ್ ವೇಗ ಎರಡನ್ನೂ ತೋರಿಸುವ ಮೀಟರಿನ ಮುಳ್ಳು ಕುಣಿಯುತ್ತಿದ್ದರೆ ಮೀಟರನ್ನು ಬಿಚ್ಚುವ ಮೊದಲು ಎಂಜಿನ್ನಿನಿಂದ ಬಂದು ಅದನ್ನು ನಡೆಸುವ ಕೇಬಲ್ ನೋಡಿ. ಗ್ರೀಸನ್ನು ತೆಳುವಾಗಿ ಸವರಿ, ಮೇಲಿನ ತುದಿಗೆ ಹಚ್ಚಲೇಬೇಡಿ. ತಿರುಗುವ ಕೇಬಲ್ ಅದನ್ನು ಮೀಟರಿನೊಳಕ್ಕೆ ಏರಿಸಿಬಿಡುತ್ತದೆ. ಗಂಟೆಯ ಅಂಕಿಗಳನ್ನು ಸೊನ್ನೆಗೆ ತಿರುಗಿಸಬೇಡಿ. ಅದು ಆ ಯಂತ್ರ ದುಡಿದ ದುಡಿಮೆಯ ದಾಖಲೆ.

ಡಯಲ್, ಗಾಜು, ಜೋಡಣೆ

ಡಯಲನ್ನು ಮುಟ್ಟುವ ಮೊದಲು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ದೂಳು ಊದಿದ ಮೇಲೆ ಹತ್ತಿಯ ಕಡ್ಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಉಂಗುರದ ಮರೆಗೆ ಹೋಗುವ ಅಂಚಿನಲ್ಲಿ ಉರುಳಿಸಿ. ಹತ್ತಿಗೆ ಬಣ್ಣ ಬಂತೋ, ಅಲ್ಲಿಗೇ ನಿಲ್ಲಿಸಿ. ಆಲ್ಕೊಹಾಲ್ ತಾಕಿದರೆ ಅಚ್ಚಿನ ಅಕ್ಷರ ಕ್ಷಣದಲ್ಲಿ ಅಳಿಸಿಹೋಗಬಹುದು. ಅಂಕಿ ಓದಲು ಬರುವಂತಿದ್ದರೆ ಸಾಕು, ಹಳದಿ ಛಾಯೆ ಇರಲಿ. ಪೂರ್ತಿ ಹಾಳಾಗಿದ್ದರೆ ಹೊಸ ತಗಡಿನ ಮೇಲೆ ಡೆಕಾಲ್ (ಅಚ್ಚು ಹಾಕಿದ ಅಂಟುಹಾಳೆ) ಅಂಟಿಸಿ ಬಳಸಿ, ಮೂಲದ್ದನ್ನು ಜೋಪಾನವಾಗಿ ಎತ್ತಿಡಿ.

ಡಬ್ಬಿಯ ಒಳಗೋಡೆಗೆ ಬಿಳಿ ಬಣ್ಣ ಬಳಿದರೆ ಸಣ್ಣ ಬಲ್ಬಿನ ಬೆಳಕೂ ಡಯಲಿನ ತುಂಬ ಹರಡುತ್ತದೆ. ಬಣ್ಣ ಪೂರ್ತಿ ಒಣಗದೆ ಮುಚ್ಚಬೇಡಿ, ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಗಾಜು, ಹೊಸ ಗ್ಯಾಸ್ಕೆಟ್ ಇಟ್ಟು, ಉಂಗುರದ ಅಂಚನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಒತ್ತಿ ಮಡಚಿ.

ಆಯಿಲ್ ಗೇಜಿನ ತಾಮ್ರದ ನಳಿಕೆ ವರ್ಷಗಳ ಕಂಪನಕ್ಕೆ ಪೆಡಸಾಗಿರುತ್ತದೆ. ಅದನ್ನು ಗೇಜಿನಿಂದ ಬೇರೆ ಮಾಡಿ, ಒಳಗಿನ ಎಣ್ಣೆ ತೊಳೆದು, ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಜೋಡಿಸುವಾಗ ನಡುವೆ ಒಂದು ಸುತ್ತು ಸುತ್ತಿ ಬಿಡಿ, ನಡುಕವನ್ನು ಅದೇ ತಾಳಿಕೊಳ್ಳುತ್ತದೆ. ಎಂಜಿನ್ ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಮುಳ್ಳು ಏರದಿದ್ದರೆ ತಕ್ಷಣ ಆಫ್ ಮಾಡಿ. ಏರಿದರೆ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಜೋಡಣೆಯ ನಟ್ ಸುತ್ತ ಒಣಬಟ್ಟೆ ಒರೆಸಿ ಎಣ್ಣೆಯ ಪಸೆ ಇದೆಯೇ ನೋಡಿ.