ಕಣ್ಣು ಕೆಂಪಾದಾಗ ಹನಿ ಹಾಕುವ ಮುನ್ನ ಮಾಡಬೇಕಾದ್ದೇನು?

2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದುದ್ದಕ್ಕೂ ಹಬ್ಬಿದಾಗ, ನಾನು ನೇತ್ರ ಸಹಾಯಕಿಯಾಗಿ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕೆಂಪು ಕಣ್ಣಿನವರ ಸಾಲು ಕರಗುತ್ತಿರಲಿಲ್ಲ. ಆ ಸಾಲಿನಲ್ಲಿದ್ದ ಬಹುತೇಕರು ಪಕ್ಕದ ಮನೆಯವರದ್ದೋ ಮೆಡಿಕಲ್ ಅಂಗಡಿಯವರು ಕೊಟ್ಟದ್ದೋ ಒಂದು ಹನಿಯನ್ನು ಆಗಲೇ ಹಾಕಿಕೊಂಡು ಬಂದಿದ್ದರು. ವೈರಸ್ಸಿಗಿಂತ ಆ ಹನಿಯೇ ಹೆಚ್ಚು ಕೆಡುಕು ಮಾಡಿದ್ದನ್ನು ನೋಡಿದ್ದೇನೆ, ಅದಕ್ಕಾಗಿಯೇ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಕೈ ತೊಳೆದು, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಿ.

ಎರಡನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು: ಇದು ಯಾವ ಬಗೆಯ ಕೆಂಪು ಎಂದು ನೋಡುವುದು. ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು, ಗೀಜನ್ನು ಒರೆಸಿ, ಒಂದೊಂದೇ ಕಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನ ಅಕ್ಷರಗಳನ್ನು ಓದಿ. ಮದ್ರಾಸ್ ಐ ಸಾಮಾನ್ಯವಾಗಿ ಅಡಿನೋವೈರಸ್‌ನಿಂದ ಬರುತ್ತದೆ. ಅದು ಒಂದು ಕಣ್ಣಿನಲ್ಲಿ ಶುರುವಾಗಿ ಕೆಲವೇ ದಿನಗಳಲ್ಲಿ ಮತ್ತೊಂದಕ್ಕೂ ಹಬ್ಬುತ್ತದೆ. ನೀರು ಸುರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ರೆಪ್ಪೆ ಊದುತ್ತದೆ, ಕಿವಿಯ ಮುಂದೆ ಮುಟ್ಟಿದರೆ ನೋಯುವ ಸಣ್ಣ ಗಂಟೂ ಕೈಗೆ ಸಿಗಬಹುದು. ಗೀಜು ಒರೆಸಿದ ಮೇಲೂ ಅಕ್ಷರ ಮಸುಕಾಗಿದ್ದರೆ, ಬೆಳಕನ್ನು ನೋಡಲಾಗದಿದ್ದರೆ, ಅಥವಾ ದಿನಗಳು ಕಳೆದರೂ ಒಂದೇ ಕಣ್ಣು ಕೆಂಪಾಗಿ ಉಳಿದಿದ್ದರೆ, ಇಲ್ಲಿಗೇ ನಿಲ್ಲಿಸಿ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ.

ಕಾರಣವಿದೆ. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್, ಹೆಚ್ಚಿನವರಲ್ಲಿ ಬಾಲ್ಯದಲ್ಲೇ ದೇಹ ಸೇರಿ, ಮುಖಕ್ಕೆ ಸ್ಪರ್ಶಜ್ಞಾನ ಕೊಡುವ ನರದ ಗಂಟಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಅದು ಮತ್ತೆ ಎಚ್ಚೆತ್ತಾಗ ಅದೇ ನರದ ಹಾದಿಯಲ್ಲಿ ಕಾರ್ನಿಯಾಕ್ಕೆ, ಎಂದರೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರಕ್ಕೆ, ಬಂದು ಹುಣ್ಣು ಮಾಡುತ್ತದೆ. ಬಣ್ಣದ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟರೆ ಆ ಹುಣ್ಣು ಎಲೆ ಉದುರಿದ ಕೊಂಬೆಯಂತೆ ಹಸಿರಾಗಿ ಹೊಳೆಯುತ್ತದೆ. ನರವೇ ಮಂದವಾಗುವುದರಿಂದ ನೋವು ಕಡಿಮೆ ಇರಬಹುದು, ಆದ್ದರಿಂದ ನೋವಿಲ್ಲವೆಂಬ ಧೈರ್ಯದ ಮೇಲೆ ದಿನ ತಳ್ಳಬೇಡಿ.

ಈ ಹುಣ್ಣಿನ ಮೇಲೆ ಸ್ಟೀರಾಯ್ಡ್ ಹನಿ ಬಿದ್ದರೆ ಒಂದೆರಡು ದಿನದಲ್ಲಿ ಕೆಂಪು ಇಳಿಯುತ್ತದೆ. ಆದರೆ ಇಳಿದದ್ದು ಉರಿಯೂತ ಮಾತ್ರ, ತಡೆಯುವವರಿಲ್ಲದ ವೈರಸ್ ಒಳಗೆ ಬೆಳೆಯುತ್ತಲೇ ಹೋಗುತ್ತದೆ. ಅಳಿಯನಿಗೆಂದು ತಂದಿದ್ದ ಹನಿಯನ್ನು ಹನ್ನೆರಡು ದಿನ ಹಾಕಿಕೊಂಡು ಬಂದ ರೈತರೊಬ್ಬರ ಕಣ್ಣಿಗೆ ನಾನು ನೀಲಿ ಬೆಳಕು ಹಿಡಿದಾಗ, ಕೊಂಬೆಯ ಗುರುತೇ ಇರಲಿಲ್ಲ. ನಕ್ಷೆಯಲ್ಲಿ ಕೆರೆ ಬರೆದಂತೆ ಅಗಲವಾದ ಹಸಿರು ಹರಡಿತ್ತು. ಹುಣ್ಣು ವಾಸಿಯಾಯಿತು, ಬಿಳಿ ಕಲೆ ಉಳಿಯಿತು. ಆ ಕಣ್ಣಿನಿಂದ ಅವರಿಗೆ ಈಗ ಬೆರಳೆಣಿಸುವಷ್ಟೇ ಕಾಣುತ್ತದೆ.

ಆದ್ದರಿಂದ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೋಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಆ್ಯಂಟಿಬಯಾಟಿಕ್ ಜೊತೆ ಬೆರೆಸಿದ ಬಾಟಲಿಗಳೇ ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುತ್ತವೆ, ಅವನ್ನು ಚೀಟಿಯಿಲ್ಲದೆ ಕೊಂಡುಕೊಳ್ಳಲೇಬೇಡಿ. ಬರಿಯ ಆ್ಯಂಟಿಬಯಾಟಿಕ್ ಕೂಡ ವೈರಸ್ಸನ್ನು ಕೊಲ್ಲುವುದಿಲ್ಲ. ಮದ್ರಾಸ್ ಐ ಆಗಿದ್ದರೆ ಕೃತಕ ಕಣ್ಣೀರಿನ ಹನಿ ಮತ್ತು ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆ, ಇಷ್ಟನ್ನೇ ನಾನು ಮನೆಯವರಿಗೂ ಹೇಳುವುದು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನು ಯಾವುದನ್ನೂ ಕಣ್ಣಿಗೆ ಹಾಕಬೇಡಿ.

ಕಣ್ಣು ಒರೆಸಲು ಕರವಸ್ತ್ರ ಬೇಡ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯನ್ನು ಮೂಗಿನ ಕಡೆಯಿಂದ ಹೊರಗೆ ಒಮ್ಮೆ ಎಳೆದು ಎಸೆಯಿರಿ, ಮುಂದಿನ ಸಲಕ್ಕೆ ಹೊಸ ತುಂಡು. ಬಳಿಕ ಕೈಗೆ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಅಡಿನೋವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲದ ಕಾರಣ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ನಡೆಯದು. ಒಣಗಿದ ಬಾಗಿಲ ಹಿಡಿ, ಮೊಬೈಲ್‌ಗಳ ಮೇಲೂ ಅದು ವಾರಗಟ್ಟಲೆ ಬದುಕಬಲ್ಲದು. ಟವೆಲ್, ದಿಂಬಿನ ಚೀಲ ಬೇರೆ ಇರಲಿ. ಕಪ್ಪು ಕನ್ನಡಕ ಬೆಳಕಿನ ಕಿರಿಕಿರಿ ತಗ್ಗಿಸುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ, ರೋಗಿಯ ಕಣ್ಣನ್ನು ನೋಡಿದ ಮಾತ್ರಕ್ಕೆ ರೋಗ ಬರುವುದೂ ಇಲ್ಲ. ಕಣ್ಣಲ್ಲಿ ನೀರು, ಕೆಂಪು ಇರುವವರೆಗೆ ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿ.

ಹಣೆಯ ಒಂದೇ ಬದಿಯಲ್ಲಿ ಉರಿಯುವ ಗುಳ್ಳೆಗಳ ಜೊತೆ ಕಣ್ಣು ಕೆಂಪಾದರೆ ಅದು ಸರ್ಪಸುತ್ತು, ಚಿಕನ್‌ಪಾಕ್ಸ್ ವೈರಸ್ಸಿನದೇ ಮರುದಾಳಿ. ಮೂಗಿನ ತುದಿಯಲ್ಲೂ ಗುಳ್ಳೆ ಎದ್ದಿದ್ದರೆ ಕಣ್ಣಿನೊಳಗೂ ತಗುಲಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಎರಡಕ್ಕೂ ಹೋಗುವುದು ಒಂದೇ ನರದ ಕವಲು. ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಗಳೊಳಗೆ ಶುರು ಮಾಡಿದಾಗ. ಆ ಮೂರು ದಿನಗಳನ್ನು ಕೆಮ್ಮಣ್ಣು ಬಳಿಸಿಕೊಳ್ಳುವುದರಲ್ಲಿ ಕಳೆದು ನಾಲ್ಕನೆಯ ದಿನ ಬರುವವರನ್ನು ಕಂಡಾಗ ಸಂಕಟವಾಗುತ್ತದೆ.

ಮದ್ರಾಸ್ ಐ ವಾಸಿಯಾದ ಮೇಲೂ ಕೆಲವರ ಕಾರ್ನಿಯಾದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಉಳಿದು ವಾರ, ತಿಂಗಳುಗಳ ಕಾಲ ದೀಪದ ಸುತ್ತ ಮಬ್ಬು ಕಾಣಿಸಬಹುದು. ಆಗ ಮತ್ತೆ ತೋರಿಸಿ. ಹೋಗುವಾಗ ಅಲ್ಲಿಯವರೆಗೆ ಹಾಕಿದ ಪ್ರತಿಯೊಂದು ಹನಿಯ ಬಾಟಲಿಯನ್ನೂ, ಖಾಲಿಯಾಗಿದ್ದರೂ ಸರಿ, ಚೀಲದಲ್ಲಿ ಹಾಕಿಕೊಂಡು ಹೋಗಿ.